ಪುಸ್ತಕದಲ್ಲಿಲ್ಲದ ತಾಯಿ

ಬೀದಿಯಲ್ಲಿ ನಲವತ್ತು ದಾಟಿದವರ ಮೂಗಿನ ಮೇಲೆಲ್ಲ ಚಾಳೀಸು ಕೂರಿಸಿದವರು ಅವರೇ ಆದ್ದರಿಂದ ಜನ ಅವರನ್ನು ಚಾಳೀಸಪ್ಪನವರು ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಅಂಗಡಿಯ ಬೋರ್ಡಿನ ಮೇಲೆ ಬಣ್ಣ ಮಾಸಿ ಎಷ್ಟು ಮಂಕಾಗಿತ್ತೆಂದರೆ, ಅದನ್ನು ಓದಬೇಕಾದವರು ಮೊದಲು ಒಳಗೆ ಹೋಗಿ ಅವರ ಹತ್ತಿರವೇ ಒಂದು ಕನ್ನಡಕ ಕೊಳ್ಳಬೇಕಾಗಿತ್ತು.

ಕನ್ನಡಕ ಮಾರುವುದಕ್ಕಿಂತ ಕಳ್ಳರನ್ನು ಹಿಡಿಯುವುದರಲ್ಲಿ ಅವರಿಗೆ ಹೆಚ್ಚು ಖುಷಿ. ಅವರ ಗೋಡೆಯ ಮೇಲೆ ಅಕ್ಷರದ ಹಲಗೆ ಇತ್ತು. ಮೇಲಿನ ಅಕ್ಷರ ಕುಂಬಳಕಾಯಿಯಷ್ಟು, ಕೆಳಗಿನದು ಸಾಸಿವೆಯಷ್ಟು. ಲೈಸೆನ್ಸಿಗಾಗಿ ಕಣ್ಣು ತೋರಿಸಲು ಬರುವ ಡ್ರೈವರುಗಳು ಬೆಂಚಿನ ಮೇಲೆ ಕೂತು, ತಮಗಿಂತ ಮುಂದಿನವನು ಓದುವುದನ್ನು ಕೇಳಿಸಿಕೊಂಡು, ಹಲಗೆಯನ್ನು ಬಾಯಿಪಾಠ ಮಾಡಿಬಿಡುತ್ತಿದ್ದರು. ಚಾಳೀಸಪ್ಪನವರು ಏನೂ ಗೊತ್ತಿಲ್ಲದವರಂತೆ ಒಂದು ದಾರ ಎಳೆಯುವರು. ಹಲಗೆ ಮಗುಚಿಕೊಂಡು ಹಿಂಬದಿಯ ಬೇರೆ ಅಕ್ಷರಗಳು ಎದುರಾಗುವವು. ಡ್ರೈವರ್ ಮಾತ್ರ ಎದೆ ಸೆಟೆಸಿ ಹಳೆಯದನ್ನೇ ಒದರುವನು.

"ಭೇಷ್! ಇಲ್ಲಿ ಇಲ್ಲದ್ದನ್ನೆಲ್ಲ ಓದಿದಿರಿ. ಇರೋದೊಂದು ಬಿಟ್ಟು," ಎನ್ನುವರು ಚಾಳೀಸಪ್ಪನವರು, ಬೆಂಚಿನವರಿಗೆಲ್ಲ ಕೇಳುವಂತೆ. "ಕಣ್ಣಿಗೆ ನಂಬರ್ ಕೊಡಬಹುದು ಸ್ವಾಮೀ, ಕಳ್ಳತನಕ್ಕೆ ನಂಬರ್ ಇಲ್ಲ."

ಬೆಂಚು ಗೊಳ್ಳೆಂದು ನಗುವುದು. ಡ್ರೈವರ್ ತಲೆ ತಗ್ಗಿಸಿಕೊಂಡು ಹೊರಗೆ ಹೋಗುವನು. ಆ ತಗ್ಗಿದ ತಲೆಗಳ ಪೈಕಿ ತಮ್ಮದೂ ಒಂದು ಸೇರುತ್ತದೆಂದು ಚಾಳೀಸಪ್ಪನವರು ಕನಸಿನಲ್ಲೂ ಎಣಿಸಿರಲಿಲ್ಲ.

ಇದಕ್ಕೆಲ್ಲ ಮೂಲಪುರುಷ ಅವರ ಭಾವಮೈದ. ಹೆಂಡತಿಯ ತಮ್ಮನಾದ ಈತ ಪುರಸಭೆಯಲ್ಲಿ ಬೀದಿದೀಪಗಳ ಅಧಿಕಾರಿ. ಊರಿಗೆ ಬೆಳಕು ಕೊಡುವವನು ತಾನೇ ಎಂಬ ಭಾವನೆ ಅವನ ನಡಿಗೆಯಲ್ಲೇ ಇತ್ತು. ಒಂದು ದಿನ ಊಟಕ್ಕೆ ಬಂದವನು, ಚಾಳೀಸಪ್ಪನವರ ಮಗಳು ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿದ್ದನ್ನು ಕೇಳಿ ಹುಬ್ಬೇರಿಸಿದ. ಹುಡುಗಿ ಹಗಲು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದಳು. ಸೇರಿದ್ದು ಪ್ರಾಚೀನ ಸಾಹಿತ್ಯದ ಪದವಿಗೆ.

"ಪರವಾಗಿಲ್ವೇ! ಈ ಬುದ್ಧಿ ಯಾರ ಕಡೆಯಿಂದ ಬಂತು?" ಎಂದ ಭಾವಮೈದ. "ಭಾವನ ಕಡೆಯಿಂದಂತೂ ಅಲ್ಲ. ಭಾವ ಜೀವಮಾನದಲ್ಲಿ ಓದಿರೋದು ಆ ಗೋಡೆ ಮೇಲಿನ ಅಕ್ಷರ ಮಾತ್ರ. ಅದೂ ದಿನಾ ಅದೇ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಪರರು ನಕ್ಕರೆ ತಡೆದುಕೊಳ್ಳಬಹುದು, ಕೈಹಿಡಿದವಳು ನಕ್ಕರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಚಾಳೀಸಪ್ಪನವರು ಎಂಜಲು ಕೈಯಲ್ಲೇ ಎದ್ದು ನಿಂತು, "ನಾನೂ ಸೇರ್ತೀನಿ," ಎಂದು ಘೋಷಿಸಿದರು. "ಇವಳ ಜೊತೇಲೇ. ನೋಡೋಣ, ಬುದ್ಧಿ ಯಾರ ಕಡೇದು ಅಂತ."

ಮಗಳು ತಟ್ಟೆಯಿಂದ ಮುಖ ಎತ್ತಿದಳು. ಆ ಮುಖದಲ್ಲಿದ್ದದ್ದು ಸಂತೋಷವಲ್ಲವೆಂದು ಯಾರಿಗಾದರೂ ಗೊತ್ತಾಗುತ್ತಿತ್ತು, ಕಣ್ಣಿನ ವ್ಯಾಪಾರದವರೊಬ್ಬರನ್ನು ಬಿಟ್ಟು.

ಆ ಪದವಿಯಲ್ಲಿ ಮೊದಲ ವರ್ಷ ಎಲ್ಲರೂ ಒಂದೇ ಕೊಠಡಿಯಲ್ಲಿ ಕೂತು ಒಂದು ಪ್ರಾಚೀನ ಭಾಷೆಯ ಅಕ್ಷರ ಕಲಿತು, ಒಂದು ಪ್ರಾಚೀನ ಕಾವ್ಯವನ್ನು ತಡಕಾಡುತ್ತ ಓದಬೇಕು. ವರ್ಷದ ಕೊನೆಗೆ ದಾರಿ ಎರಡಾಗುತ್ತದೆ. ಆ ಭಾಷೆಯಲ್ಲೇ ಮುಂದುವರಿಯುವವರದು ಮೂಲದ ದಾರಿ. ನಮ್ಮ ಭಾಷೆಗೆ ಬಂದದ್ದನ್ನು ಓದಿ ತೃಪ್ತಿಪಡುವವರದು ಅನುವಾದದ ದಾರಿ. ಅನುವಾದಕ್ಕೆ ಎಷ್ಟು ಜನ ಬೇಕಾದರೂ ಬರಬಹುದು. ಮೂಲವನ್ನು ಮಾತ್ರ ಪ್ರೊಫೆಸರು ತಮ್ಮ ಕೋಣೆಯಲ್ಲಿ, ತಮ್ಮ ದುಂಡು ಮೇಜಿನ ಸುತ್ತ ಕೂರಿಸಿಕೊಂಡು ಕಲಿಸುತ್ತಿದ್ದರು. ಆ ಮೇಜಿನ ಸುತ್ತ ಒಂದೇ ಒಂದು ಕುರ್ಚಿ ಖಾಲಿ ಇತ್ತು.

ಚಾಳೀಸಪ್ಪನವರ ಮಗಳಿಗೆ ಆ ಕುರ್ಚಿ ಬೇಕಾಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅಚ್ಚುಕೂಟದಿಂದ ಬಂದವಳು ಕೈಗೆ ಅಂಟಿದ ಮಸಿಯನ್ನೂ ತೊಳೆಯದೆ ಹಳೆಯ ನಿಘಂಟನ್ನು ಬಿಡಿಸಿ ಕೂರುತ್ತಿದ್ದಳು.

ಚಾಳೀಸಪ್ಪನವರಿಗೂ ಬೇಕಾಗಿತ್ತೆ? ಅವರಿಗೆ ಆ ಭಾಷೆಯ ಮೂರನೆಯ ಅಕ್ಷರಕ್ಕೂ ಏಳನೆಯ ಅಕ್ಷರಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಆದರೆ ಪಕ್ಕದ ಔಷಧಿ ಅಂಗಡಿಯವನು ಕೇಳಿದಾಗ ಸುಮ್ಮನಿರಲು ಆಗಲಿಲ್ಲ.

"ಅನುವಾದ ಅನ್ನೋದು ಇನ್ನೊಬ್ಬರು ಅಗಿದು ಉಗಿದದ್ದು ಕಣಯ್ಯ. ತಗೊಂಡ್ರೆ ಮೂಲವೇ," ಎಂದುಬಿಟ್ಟರು.

"ಮೂಲಕ್ಕೆ ನನ್ನ ಹತ್ರ ಒಳ್ಳೇ ಮುಲಾಮಿದೆ, ಭಯಪಡಬೇಡಿ," ಎಂದ ಔಷಧಿಯವನು. ಈ ಹಾಸ್ಯ ಸಂಜೆಯೊಳಗೆ ಬೀದಿಯ ಆ ತುದಿ ಮುಟ್ಟಿ ವಾಪಸು ಬಂತು.

ತರಗತಿಯಲ್ಲಿ ಒಂದು ಪದ್ಧತಿ ಇತ್ತು. ಕಾವ್ಯದ ಪುಟ ತೆರೆದು, ಮೊದಲ ಬೆಂಚಿನ ಎಡತುದಿಯಿಂದ ಶುರುಮಾಡಿ, ಒಬ್ಬೊಬ್ಬರೂ ಒಂದೊಂದು ಖಂಡವನ್ನು ಮನಸ್ಸಿನಲ್ಲೇ ಓದಿಕೊಂಡು ಅರ್ಥ ಹೇಳುತ್ತ ಹೋಗಬೇಕು. ಕಾವ್ಯವೋ, ಒಬ್ಬ ದಂಡನಾಯಕ ಒಂದು ಕೋಟೆಗೆ ಮುತ್ತಿಗೆ ಹಾಕುವ ಕಥೆ. ಮುತ್ತಿಗೆ ಹಾಕಿದವನಿಗೂ ಅಷ್ಟು ಕಷ್ಟವಾಗಿರಲಾರದು, ಓದುವವರಿಗೆ ಆಗುತ್ತಿತ್ತು. ಮಗಳು ಒಂದೊಂದೇ ಪದವನ್ನು ಬಿಡಿಸಿ, ಎಲ್ಲಿ ತೊಡಕಾಯಿತೋ ಅಲ್ಲಿ ನಿಂತು, "ಕಾಣ್ತಿದೆ ಸರ್, ಅರ್ಥ ಆಗ್ತಿಲ್ಲ," ಎನ್ನುತ್ತಿದ್ದಳು. ಪಕ್ಕದಲ್ಲೇ ಕೂತ ಚಾಳೀಸಪ್ಪನವರಿಗೆ ಆಗ ಮೈಯೆಲ್ಲ ಮುಜುಗರ. ಇಷ್ಟು ಜನರ ಮುಂದೆ ಗೊತ್ತಿಲ್ಲ ಎನ್ನುವುದೆ? ಮನೆತನದ ಮರ್ಯಾದೆ ಏನಾಗಬೇಕು?

ಪ್ರೊಫೆಸರು ಮಾತ್ರ, "ಒಳ್ಳೇದಮ್ಮ, ಅರ್ಥ ಆಗದ್ದು ಯಾವುದು ಅಂತ ಗೊತ್ತಾಗೋದೇ ದೊಡ್ಡದು," ಎನ್ನುತ್ತಿದ್ದರು. ಒಮ್ಮೆ ಪಾಠ ಮುಗಿಸಿ ಹೋಗುವಾಗ, "ಆ ಕುರ್ಚಿ ಬಹುಶಃ ನಿನಗೇ," ಎಂದೂ ಅವಳಿಗೆ ಹೇಳಿದ್ದರು. ಅವತ್ತು ಮನೆಗೆ ಬರುವ ದಾರಿಯುದ್ದಕ್ಕೂ ಆ ಹುಡುಗಿ ಗುನುಗುತ್ತಲೇ ಬಂದಳು.

ಮನೆತನದ ಮರ್ಯಾದೆ ಕಾಪಾಡುವ ಉಪಾಯ ಚಾಳೀಸಪ್ಪನವರಿಗೆ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಅದೇ ಕಾವ್ಯ, ನಮ್ಮ ಭಾಷೆಯಲ್ಲಿ, ಗದ್ಯದಲ್ಲಿ! ರಟ್ಟು ಹೋಗಿತ್ತು, ಅನುವಾದಕನ ಹೆಸರಿದ್ದ ಪುಟವೂ ಹೋಗಿತ್ತು, ಅಂಚುಗಳನ್ನು ಇಲಿ ಓದಿತ್ತು. ಉಳಿದದ್ದು ಅವರಿಗೆ ಬೇಕಾದಷ್ಟಾಯಿತು. ಅಂದಿನಿಂದ ಅವರು ತರಗತಿಗೆ ಬಂದೊಡನೆ ಮುಂದೆ ಕೂತ ತಲೆಗಳನ್ನು ನೋಡಿ ತಮ್ಮ ಪಾಲಿಗೆ ಯಾವ ಖಂಡ ಬರುತ್ತದೆಂದು ಲೆಕ್ಕ ಹಾಕುವರು. ಅಂಗಡಿಯಲ್ಲಿ ಗಿರಾಕಿಗಳ ಮಧ್ಯೆ ಆಚೀಚೆಯ ಖಂಡಗಳನ್ನೂ ಸೇರಿಸಿ ಬಾಯಿಪಾಠ ಮಾಡಿರುತ್ತಿದ್ದರು. ಸರದಿ ಬಂದಾಗ ಪುಸ್ತಕದ ಸಾಲಿನ ಮೇಲೆ ಬೆರಳಾಡಿಸುತ್ತ ಅರ್ಥ ಒಪ್ಪಿಸುವರು. ತೀರ ಸರಾಗವಾದರೆ ಅನುಮಾನ ಬರುತ್ತದೆಂದು ನಡುನಡುವೆ ಹಣೆ ಉಜ್ಜಿಕೊಂಡು ತಡವರಿಸುವುದನ್ನೂ ಅಭ್ಯಾಸ ಮಾಡಿಕೊಂಡಿದ್ದರು. ತಾವು ದಾರ ಎಳೆದು ಹಿಡಿದ ಡ್ರೈವರುಗಳ ನೆನಪು ಆಗ ಅವರಿಗೆ ಬರಲೇ ಇಲ್ಲ. ಮನುಷ್ಯನಿಗೆ ತನ್ನ ಬೆನ್ನು ತನಗೆ ಕಾಣದಿರುವುದು ದೇವರು ಮಾಡಿದ ದೊಡ್ಡ ಉಪಕಾರ.

ಹೀಗೆ ದಂಡನಾಯಕ ಕೋಟೆಯ ಬಾಗಿಲವರೆಗೂ ಬಂದ. ಯುದ್ಧದ ಹಿಂದಿನ ದಿನ ಅವನು ಮಲಗುವ ಖಂಡ ಚಾಳೀಸಪ್ಪನವರ ಪಾಲಿಗೆ ಬಂತು. ಗದ್ಯದಲ್ಲಿ ಅದೊಂದು ಭಾಗ ಅವರಿಗೆ ನಿಜವಾಗಿಯೂ ಹಿಡಿಸಿತ್ತು. ಉಳಿದದ್ದರಲ್ಲೆಲ್ಲ ಕತ್ತಿ, ಗುರಾಣಿ, ದೇವತೆಗಳ ವಂಶಾವಳಿ. ಇದೊಂದರಲ್ಲಿ ಮಾತ್ರ ಒಬ್ಬ ಮನುಷ್ಯ ಕಂಡಿದ್ದ. ಅದನ್ನು ಓದುವಾಗ ಅಂಗಡಿಯಲ್ಲೇ ಅವರ ಕಣ್ಣು ಒದ್ದೆಯಾಗಿ, ಗಿರಾಕಿಯೊಬ್ಬನ ಕನ್ನಡಕಕ್ಕೆ ಕಾಲು ಉಲ್ಟಾ ಕೂರಿಸಿಬಿಟ್ಟಿದ್ದರು.

"ದಂಡನಾಯಕ ತನ್ನ ಡೇರೆಯಲ್ಲಿ ಮಲಗಿದನು," ಎಂದು ಶುರುಮಾಡಿದರು. "ಆಗ ಅವನ ಕಣ್ಣ ಮುಂದೆ ಅವನ ತಾಯಿ ಬಂದಳು. ಹೊಸಿಲ ಮೇಲೆ ನಿಂತು, ದೀಪಕ್ಕೆ ಅಂಗೈ ಅಡ್ಡ ಹಿಡಿದು, ಮಗನೇ, ಕೋಟೆ ಸಿಗದಿದ್ದರೆ ಹೋಗಲಿ, ಕಾಲು ಒದ್ದೆ ಮಾಡಿಕೊಳ್ಳಬೇಡ, ಎಂದಳು. ಸಾವಿರ ಜನರನ್ನು ನಡುಗಿಸಿದವನು ಕಂಬಳಿಯೊಳಗೆ ತನ್ನ ಪಾದಗಳನ್ನು ಮುಟ್ಟಿ ನೋಡಿಕೊಂಡನು. ಅವು ಒದ್ದೆಯಾಗಿದ್ದವು."

ಭಾವ ಉಕ್ಕಿ ಬಂದು ಅವರು ತಡವರಿಸುವುದನ್ನೂ ಮರೆತರು. ಹೇಳಿ ಮುಗಿಸಿ ತಲೆಯೆತ್ತಿದರು. ಹಿಂದಿನ ಬೆಂಚಿನ ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಪ್ರೊಫೆಸರ ಮುಖ ಸುಣ್ಣದಂತಾಗಿತ್ತು. ಅವರು ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. "ಇವತ್ತಿಗೆ ಸಾಕು," ಎಂದು ಪುಸ್ತಕವನ್ನೂ ಮೇಜಿನ ಮೇಲೆಯೇ ಬಿಟ್ಟು ಹೊರಟುಹೋದರು.

ಚಾಳೀಸಪ್ಪನವರು ಬೀಗುತ್ತ ಬೀದಿಗಿಳಿದರು. ಮಗಳು ಸ್ವಲ್ಪ ದೂರ ಪಕ್ಕದಲ್ಲೇ ನಡೆದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಅಪ್ಪ, ನೀವು ಹೇಳಿದ್ದು ಪುಸ್ತಕದಲ್ಲಿ ಇಲ್ಲ."

"ಯಾವುದು?"

"ತಾಯಿ, ಹೊಸಿಲು, ಕಾಲು, ಯಾವುದೂ ಇಲ್ಲ. ನಮ್ಮ ಪುಸ್ತಕದಲ್ಲಿ ದಂಡನಾಯಕ ಮಲಗಿದ ಅಂತ ಒಂದೇ ಸಾಲು. ಮುಂದಿನ ಸಾಲಲ್ಲಿ ಎದ್ದುಬಿಡ್ತಾನೆ."

ಚಾಳೀಸಪ್ಪನವರ ಕಾಲು ನಿಂತಲ್ಲೇ ನಿಂತಿತು. ಯಾರೋ ದಾರ ಎಳೆದಿದ್ದರು, ಹಲಗೆ ಮಗುಚಿತ್ತು, ತಾವು ಎದೆ ಸೆಟೆಸಿ ಇಲ್ಲದ್ದನ್ನು ಒದರಿದ್ದರು. ಕಿವಿಯ ತುದಿಯಿಂದ ಅಂಗಾಲಿನವರೆಗೆ ನಾಚಿಕೆ ಬಿಸಿನೀರಿನಂತೆ ಇಳಿಯಿತು. ಮಗಳ ಮುಖ ನೋಡುವ ಧೈರ್ಯ ಸಾಲದೆ ಔಷಧಿ ಅಂಗಡಿಯ ಬೋರ್ಡನ್ನೇ ನೋಡುತ್ತ ನಿಂತರು.

ಮರುದಿನ ವಿಭಾಗದ ಗುಮಾಸ್ತ ಅಂಗಡಿಗೇ ಬಂದು, ಪ್ರೊಫೆಸರು ಕರೆಯುತ್ತಾರೆ ಎಂದ. ಗಲ್ಲಿಗೆ ಹೋಗುವವನೂ ಅಷ್ಟು ನಿಧಾನವಾಗಿ ನಡೆಯಲಾರ. ಪ್ರೊಫೆಸರ ಕೋಣೆಯಲ್ಲಿ ದುಂಡು ಮೇಜು, ಸುತ್ತ ಕುರ್ಚಿಗಳು. ಪ್ರೊಫೆಸರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಚಾಳೀಸಪ್ಪನವರು ನೆಲ ನೋಡುತ್ತ ನಿಂತರು.

"ಆ ಸಾಲುಗಳು... ಎಲ್ಲಿ ಸಿಕ್ತು ನಿಮಗೆ?"

"ಹಳೇದು ಸರ್."

"ಹೌದು, ಹಳೇದು. ಬಹಳ ಹಳೇದು," ಎಂದರು ಪ್ರೊಫೆಸರು. "ಯಾರಿಗಾದ್ರೂ ಹೇಳಿದಿರಾ?"

"ಅಯ್ಯೋ, ಇದೇನು ಸರ್, ಹೇಳ್ಕೊಳ್ಳೋ ವಿಷಯವೇ? ನಾಚಿಕೆಗೇಡು."

ಪ್ರೊಫೆಸರು ಬೆಚ್ಚಿದರು. "ನೀವು ಹೇಳೋದು ಸರಿ. ನಾಚಿಕೆಗೇಡೇ. ಆದ್ರೆ ಯಾವುದೋ ವಯಸ್ಸು, ಯಾವುದೋ ಪರಿಸ್ಥಿತಿ... ನೀವು ದೊಡ್ಡ ಮನಸ್ಸು ಮಾಡಬೇಕು."

"ನೀವೇ ಮಾಡಬೇಕು ಸರ್, ದೊಡ್ಡ ಮನಸ್ಸು."

"ಅಂದ್ರೆ... ನಾನು ಏನಾದ್ರೂ ಮಾಡಬೇಕು ಅಂತೀರಿ." ಪ್ರೊಫೆಸರು ಹಣೆಯ ಬೆವರೊರೆಸಿಕೊಂಡು, ಖಾಲಿ ಕುರ್ಚಿಯ ಬೆನ್ನು ಹಿಡಿದರು. "ಆಗ್ಲಿ. ಈ ಕುರ್ಚಿ ನಿಮ್ಮದು. ಮುಂದಿನ ವರ್ಷ ಮೂಲದ ದಾರಿಗೆ ಬನ್ನಿ. ಇಲ್ಲಿಗೆ ಈ ವಿಷಯ ಮುಗೀಲಿ."

ಬೈಗುಳಕ್ಕೆ ತಲೆ ಕೊಡಲು ಬಂದವರಿಗೆ ಕುರ್ಚಿ ಸಿಕ್ಕಿದರೆ ಏನು ಹೇಳಬೇಕು? ಆ ಕ್ಷಣಕ್ಕೆ ತಪ್ಪಿಸಿಕೊಂಡೆನಲ್ಲ ಎಂಬ ಸಮಾಧಾನದಲ್ಲಿ ಚಾಳೀಸಪ್ಪನವರು ಕೈಮುಗಿದು, "ಆಗ್ಲಿ ಸರ್," ಎಂದುಬಿಟ್ಟರು. ಅದು ಯಾರ ಕುರ್ಚಿ ಎಂಬುದು ನೆನಪಾದದ್ದು ಮೆಟ್ಟಿಲು ಇಳಿದು ರಸ್ತೆಗೆ ಬಂದ ಮೇಲೆ. ವಾಪಸು ಹೋಗಲು ತಿರುಗಿದರು. ಹೋಗಿ ಏನೆಂದು ಹೇಳುವುದು? ಮತ್ತೆ ಅಂಗಡಿಯ ಕಡೆಗೇ ನಡೆದರು.

ಅಷ್ಟರಲ್ಲಿ ಗುಮಾಸ್ತ ತನ್ನ ಕೆಲಸ ಮಾಡಿ ಮುಗಿಸಿದ್ದ. ಬಾಗಿಲ ಹೊರಗೆ ನಿಂತು ಅರ್ಧ ಕೇಳಿ, ಇನ್ನರ್ಧ ತಾನೇ ಸೇರಿಸಿ, ಇಡೀ ಬೀದಿಗೆ ಬಡಿಸಿದ್ದ. ಅಚ್ಚಾದ ಪುಸ್ತಕದಲ್ಲೇ ಇಲ್ಲದ, ಕಾಲಗರ್ಭದಲ್ಲಿ ಕಳೆದುಹೋದ ಸಾಲುಗಳನ್ನು ಚಾಳೀಸಪ್ಪನವರು ಬಾಯಲ್ಲೇ ಹೇಳಿದರಂತೆ. ಪ್ರೊಫೆಸರೇ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟರಂತೆ. ಅಂಗಡಿಯ ಮುಂದೆ ಕಣ್ಣು ಸರಿಯಿದ್ದವರೂ ಬಂದು ನಿಂತಿದ್ದರು.

"ನನಗೆ ಆ ಭಾಷೇಲಿ ಒಂದಕ್ಷರವೂ ಬರಲ್ಲ ಕಣ್ರಯ್ಯಾ," ಎಂದರು ಚಾಳೀಸಪ್ಪನವರು.

"ನೋಡಿದಿರಾ!" ಎಂದ ಔಷಧಿಯವನು ಜನರ ಕಡೆ ತಿರುಗಿ. "ತುಂಬಿದ ಕೊಡ ತುಳುಕಲ್ಲ ಅನ್ನೋದು ಇದಕ್ಕೇ. ಇವರಿಗೆ ಮುಲಾಮಿನ ಮಾತಾಡಿದ ನನ್ನ ನಾಲಿಗೆಗೆ ಹುಳ ಬೀಳಲಿ."

ಮನೆಗೆ ಹೋಗಿ ಹೆಂಡತಿಗೆ ಹೇಳಿದರು. "ಲೇ, ನಾನು ಯಾರೋ ಬರೆದದ್ದನ್ನ ಬಾಯಿಪಾಠ ಮಾಡಿ ಒಪ್ಪಿಸಿದ್ದು ಕಣೇ."

"ಮತ್ತೆ ಎಲ್ರೂ ಮಾಡೋದು ಅದೇ ಅಲ್ವೇನ್ರೀ? ನಮ್ಮ ತಮ್ಮ ಪುರಸಭೆ ಪರೀಕ್ಷೆ ಪಾಸು ಮಾಡಿದ್ದೂ ಹಾಗೇ," ಎಂದರು ಆಕೆ. ಇಷ್ಟು ವರ್ಷದಲ್ಲಿ ಮೊದಲ ಸಲ ಗಂಡನ ತಟ್ಟೆಗೆ ತುಪ್ಪ ಬಡಿಸುವಾಗ ಅವರ ಕಣ್ಣಲ್ಲಿ ಹೆಮ್ಮೆ ಇತ್ತು. ತುಪ್ಪ ಚಾಳೀಸಪ್ಪನವರಿಗೆ ಕಹಿಯಾಯಿತು.

ಭಾವಮೈದ ಹಣ್ಣಿನ ಬುಟ್ಟಿ ಹಿಡಿದು ಬಂದ. "ಭಾವ, ಬುದ್ಧಿ ನಿಮ್ಮ ಕಡೇದೇ. ಒಪ್ಪಿಕೊಂಡೆ. ಪುರಸಭೆ ಸಭಾಂಗಣದಲ್ಲಿ ನಿಮಗೆ ಸನ್ಮಾನ. ಅಧ್ಯಕ್ಷತೆಗೆ ಪ್ರೊಫೆಸರನ್ನೇ ಒಪ್ಪಿಸಿದೀನಿ. ಮೊದಲು ಬರಲ್ಲ ಅಂದ್ರು. ಆಮೇಲೆ, ಬರದೇ ಇದ್ರೆ ಚಾಳೀಸಪ್ಪನವರು ಏನಂದ್ಕೋತಾರೋ ಅಂತ ಒಪ್ಪಿಕೊಂಡ್ರು."

"ಬೇಡ ಕಣಪ್ಪಾ. ನಾನೊಬ್ಬ ಕಳ್ಳ."

"ಇದನ್ನ ಭಾಷಣದಲ್ಲೂ ಹೇಳಿ. ವಿನಯ ಅಂದ್ರೆ ಜನಕ್ಕೆ ಪ್ರಾಣ."

ಸತ್ಯ ಹೇಳಿದಷ್ಟೂ ಮರ್ಯಾದೆ ಹೆಚ್ಚುವ ವಿಚಿತ್ರ ರೋಗ ತಗಲಿಕೊಂಡಿತ್ತು ಚಾಳೀಸಪ್ಪನವರಿಗೆ. ಅದಕ್ಕೆ ಔಷಧಿಯವನ ಹತ್ತಿರವೂ ಮದ್ದಿರಲಿಲ್ಲ.

ನಂಬದೆ ಇದ್ದವಳು ಒಬ್ಬಳೇ. ಮಗಳು ಸಂಜೆ ಅಚ್ಚುಕೂಟದಿಂದ ಬಂದು, ತನ್ನ ಹಳೆಯ ನಿಘಂಟನ್ನು ತಂದು ಅಪ್ಪನ ಮುಂದಿಟ್ಟಳು. ಬಿಚ್ಚಿಹೋದ ಬೆನ್ನಿಗೆ ಬಟ್ಟೆ ಅಂಟಿಸಿ ಅವಳೇ ರಿಪೇರಿ ಮಾಡಿಕೊಂಡಿದ್ದ ಪುಸ್ತಕ.

"ಇಟ್ಕೊಳ್ಳಿ ಅಪ್ಪ. ಮೂಲದವರಿಗೆ ಬೇಕಾಗುತ್ತೆ. ಅನುವಾದದ ದಾರೀಲಿ ಇದರ ಕೆಲಸ ಇಲ್ಲ."

"ಪುಟ್ಟಿ, ನಾನು..."

"ಒಳ್ಳೇದಾಯ್ತು ಬಿಡಿ. ಅಮ್ಮ ಎಷ್ಟು ಖುಷಿಯಾಗಿದ್ದಾರೆ ನೋಡಿ." ಅಷ್ಟು ಹೇಳಿ ಅವಳು ಕೈ ತೊಳೆಯಲು ಹೋದಳು. ಬಹಳ ಹೊತ್ತು ನೀರಿನ ಸದ್ದು ಬರುತ್ತಲೇ ಇತ್ತು. ಅವಳು ಒಂದು ಮಾತು ಆಡಿದ್ದರೆ ಅವರ ಬಣ್ಣ ಬಯಲಾಗುತ್ತಿತ್ತು. ಅಪ್ಪನ ಮಾನ ಉಳಿಸಲು ತನ್ನ ಕುರ್ಚಿ ಬಿಟ್ಟುಕೊಟ್ಟಿದ್ದಳು. ಚಾಳೀಸಪ್ಪನವರಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಭೂಮಿ ಅವರ ಮಾತನ್ನೂ ವಿನಯವೆಂದೇ ತಿಳಿದಿರಬೇಕು, ಬಾಯಿಬಿಡಲಿಲ್ಲ.

ಸನ್ಮಾನದ ದಿನ ಪುರಸಭೆಯ ಸಭಾಂಗಣದಲ್ಲಿ ಎಂದೂ ಉರಿಯದ ದೀಪಗಳೆಲ್ಲ ಉರಿದವು. ವೇದಿಕೆಯ ಮೇಲೆ ಭಾವಮೈದ, ಪ್ರೊಫೆಸರು, ನಡುವೆ ಚಾಳೀಸಪ್ಪನವರು. ಸನ್ಮಾನಿತರೂ ಅಧ್ಯಕ್ಷರೂ ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ತಮ್ಮ ತಮ್ಮ ಚಪ್ಪಲಿ ನೋಡುತ್ತ ಕೂತಿದ್ದರು. ಇದನ್ನು ಸಭೆ ಪಾಂಡಿತ್ಯದ ಗಾಂಭೀರ್ಯವೆಂದು ಮೆಚ್ಚಿಕೊಂಡಿತು. ಮುಂದಿನ ಸಾಲಿನಲ್ಲಿ ಹೆಂಡತಿ, ಪಾಠದ ಪುಸ್ತಕ ಮಡಿಲಲ್ಲಿಟ್ಟುಕೊಂಡ ಮಗಳು, ಔಷಧಿಯವನು.

"ನಾನು ಊರಿನ ಬೀದಿಗಳಿಗೆ ಬೆಳಕು ಕೊಟ್ಟೆ," ಎಂದ ಭಾವಮೈದ ಮೈಕಿನಲ್ಲಿ. "ನಮ್ಮ ಭಾವ ಊರಿನ ಕಣ್ಣುಗಳಿಗೆ ಬೆಳಕು ಕೊಟ್ಟರು. ಈಗ ಇತಿಹಾಸಕ್ಕೇ ಬೆಳಕು ಕೊಟ್ಟಿದ್ದಾರೆ. ಯಾರೂ ಕಾಣದ ಸಾಲುಗಳು ಇವರಿಗೆ ಕಂಡವು. ಅಂಥ ಕಣ್ಣು ಅದು! ಈಗ ಅವರು ಆ ಸಾಲುಗಳನ್ನು ಹೇಳಬೇಕೆಂದು ಸಭೆಯ ಪರವಾಗಿ ಕೇಳಿಕೊಳ್ಳುತ್ತೇನೆ."

ಚಾಳೀಸಪ್ಪನವರು ಮೈಕಿನ ಮುಂದೆ ಬಂದು ನಿಂತರು. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವೆಂದು ಅಷ್ಟು ಹೊತ್ತಿಗೆ ಅವರಿಗೆ ಖಾತ್ರಿಯಾಗಿತ್ತು. ಕಳ್ಳನನ್ನು ಹಿಡಿಯುವುದು ಹೇಗೆಂದು ಊರಿನಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

"ಪುಟ್ಟಿ, ಮೇಲೆ ಬಾ. ಪಾಠದ ಪುಸ್ತಕ ಹಿಡಿ. ಯಾವುದಾದ್ರೂ ಒಂದು ಪುಟ ತೆಗೆದು ನನ್ನ ಮುಂದೆ ಹಿಡಿ," ಎಂದರು.

ಮಗಳು ಹೆದರುತ್ತ ಬಂದು ಪುಸ್ತಕ ತೆರೆದು ಹಿಡಿದಳು. ಚಾಳೀಸಪ್ಪನವರು ಬೆರಳಿಟ್ಟು ಓದಿದರು. "ಹೊಸಿಲ ಮೇಲೆ ನಿಂತು, ದೀಪಕ್ಕೆ ಅಂಗೈ ಅಡ್ಡ ಹಿಡಿದು, ಮಗನೇ, ಕಾಲು ಒದ್ದೆ ಮಾಡಿಕೊಳ್ಳಬೇಡ ಎಂದಳು."

ಸಭೆ ಭೋರ್ಗರೆಯಿತು.

"ಬೇರೆ ಪುಟ ತೆಗಿ."

ಮಗಳು ತೆಗೆದಳು. "ಹೊಸಿಲ ಮೇಲೆ ನಿಂತು, ದೀಪಕ್ಕೆ ಅಂಗೈ ಅಡ್ಡ ಹಿಡಿದು..." ಚಪ್ಪಾಳೆ ಬಂತು, ಸ್ವಲ್ಪ ತೆಳ್ಳಗೆ.

"ಭಾವಮೈದಾ, ನಿನ್ನ ಕೈಯಲ್ಲಿರೋ ಕಾಗದ ಕೊಡು. ಏನದು?"

"ಕೆಟ್ಟುಹೋದ ದೀಪದ ಕಂಬಗಳ ವರದಿ, ಭಾವ."

ಚಾಳೀಸಪ್ಪನವರು ಕಾಗದವನ್ನು ಕಣ್ಣಿಗೆ ಹಿಡಿದು ಗಂಟಲು ಸರಿಪಡಿಸಿಕೊಂಡರು. "ಹೊಸಿಲ ಮೇಲೆ ನಿಂತು, ದೀಪಕ್ಕೆ ಅಂಗೈ ಅಡ್ಡ ಹಿಡಿದು, ಮಗನೇ, ಕಾಲು ಒದ್ದೆ ಮಾಡಿಕೊಳ್ಳಬೇಡ ಎಂದಳು."

ಎಲ್ಲೋ ಹಿಂದೆ ಒಬ್ಬ ಚಪ್ಪಾಳೆಗೆ ಎತ್ತಿದ ಕೈಯನ್ನು ಹಾಗೇ ಇಳಿಸಿಕೊಂಡ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಡ್ರೈವರ್ ಮೊದಲು ಅರ್ಥಮಾಡಿಕೊಂಡು, "ಹಲಗೆ! ಹಲಗೆ ಮಗುಚಿದ್ರೂ ಅದನ್ನೇ ಓದ್ತಾವ್ರೆ!" ಎಂದು ಕೂಗಿದ.

"ಹೌದಪ್ಪ, ಸರಿಯಾಗಿ ಹೇಳಿದೆ," ಎಂದರು ಚಾಳೀಸಪ್ಪನವರು. ಜೇಬಿನಿಂದ ರಟ್ಟಿಲ್ಲದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. "ವರ್ಷವೆಲ್ಲ ನಾನು ಓದಿದ್ದು ಇದನ್ನ. ನಿಮ್ಮನ್ನೆಲ್ಲ ಹಿಡಿದು ನಕ್ಕವನು ನಾನು. ಇವತ್ತು ನೀವು ನಗಿ. ಆ ಕುರ್ಚಿ ನನ್ನ ಮಗಳದು. ಅವಳಿಗೆ ಗೊತ್ತಿಲ್ಲ ಅನ್ನೋಕೆ ನಾಚಿಕೆ ಇಲ್ಲ. ನನಗೆ ಗೊತ್ತು ಅನ್ನೋಕೆ ನಾಚಿಕೆ ಆಗಲಿಲ್ಲ."

ಯಾರೂ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಈ ಸಲ ನಗು ತಡೆಯುವುದಕ್ಕಲ್ಲ. ಭಾವಮೈದ ಹೂಗುಚ್ಛವನ್ನು ಕೊಡಲೂ ಆಗದೆ ಇಡಲೂ ಆಗದೆ ಮಗುವಿನಂತೆ ಎದೆಗವಚಿಕೊಂಡು ನಿಂತಿದ್ದ.

ಪ್ರೊಫೆಸರು ಎದ್ದರು. ಈಗ ಮಂಗಳಾರತಿ ಎಂದು ಸಭೆ ಕಾದಿತು. ಅವರು ಆ ಪುಸ್ತಕ ಕೈಗೆತ್ತಿಕೊಂಡು, ಪುಟ ತಿರುವಿ, ಮುಚ್ಚಿದರು.

"ಇವರಿಗೆ ಇದು ಎಲ್ಲಿ ಸಿಕ್ತು ಅಂತ ನಾನು ನಿದ್ದೆಗೆಟ್ಟಿದ್ದೆ," ಎಂದರು. "ಇದನ್ನ ಅನುವಾದ ಮಾಡಿದವನು ನಾನೇ. ಆಗ ಹಾಸ್ಟೆಲಿನಲ್ಲಿದ್ದೆ, ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ದಂಡನಾಯಕ ಮಲಗಿದ ಮೇಲೆ ಮೂಲದಲ್ಲಿ ಕೆಲವು ಸಾಲು ಇದೆ. ಎಷ್ಟು ಗುದ್ದಾಡಿದ್ರೂ ಅರ್ಥ ಆಗಲಿಲ್ಲ. ಆಗಲಿಲ್ಲ ಅಂತ ಬರೆಯೋಕೆ ಅವಮಾನ. ಮನೆ ನೆನಪಾಗ್ತಿತ್ತು. ನಮ್ಮಮ್ಮನ್ನ ತಂದು ಅಲ್ಲಿ ನಿಲ್ಲಿಸಿಬಿಟ್ಟೆ. ಕಾಲು ಒದ್ದೆ ಮಾಡ್ಕೋಬೇಡ ಅನ್ನೋದು ನಮ್ಮಮ್ಮನ ಮಾತು."

ಪ್ರೊಫೆಸರು ಪುಸ್ತಕವನ್ನು ಮೇಜಿನ ಮೇಲಿಟ್ಟು ಮುಂದುವರಿಸಿದರು.

"ಆಮೇಲೆ ಪ್ರೊಫೆಸರಾದೆ. ಪಾಠದ ಪುಸ್ತಕ ಮಾಡೋ ಅಧಿಕಾರ ಬಂತು. ಆ ಸಾಲುಗಳನ್ನ ಯಾರಾದ್ರೂ ಕೇಳಿಬಿಟ್ಟಾರು ಅಂತ ಪುಸ್ತಕದಿಂದಲೇ ಕಿತ್ತುಹಾಕಿದೆ. ಇವರು ತರಗತೀಲಿ ನಿಂತು ನಮ್ಮಮ್ಮನ ಮಾತು ಹೇಳಿದಾಗ, ನನ್ನ ಕಳ್ಳತನ ಹಿಡಿದೇ ಹೀಗೆ ಆಡ್ತಿದ್ದಾರೆ ಅಂದ್ಕೊಂಡೆ. ಬಾಯಿ ಮುಚ್ಚಿಸೋಕೆ ಕುರ್ಚಿ ಕೊಟ್ಟೆ. ಇನ್ನೊಬ್ಬರ ಕುರ್ಚಿ."

ಚಾಳೀಸಪ್ಪನವರು ಬಾಯಿ ತೆರೆದು ನಿಂತರು. ಇಡೀ ಕಾವ್ಯದಲ್ಲಿ ತಮ್ಮ ಕಣ್ಣು ಒದ್ದೆ ಮಾಡಿದ ಒಂದೇ ಒಂದು ಜಾಗ ಕಾವ್ಯದಲ್ಲೇ ಇರಲಿಲ್ಲ!

ಇಬ್ಬರು ಹಿರಿಯರೂ ತಲೆ ತಗ್ಗಿಸಿ ನಿಂತಿರಲು, ಮಗಳು ಪುಸ್ತಕವನ್ನು ಎದೆಗೊತ್ತಿಕೊಂಡು ಕೇಳಿದಳು. "ಸರ್, ಹಾಗಾದ್ರೆ ಮೂಲದಲ್ಲಿ ಅಲ್ಲಿ ನಿಜವಾಗಿ ಏನಿದೆ?"

"ಇವತ್ತಿಗೂ ಗೊತ್ತಿಲ್ಲಮ್ಮ," ಎಂದರು ಪ್ರೊಫೆಸರು. ಬಹಳ ವರ್ಷಗಳಿಂದ ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಕೆಳಗಿಳಿಸಿದಂತಿತ್ತು ಅವರ ಮುಖ.

"ಹಾಗಾದ್ರೆ ಅಲ್ಲಿಂದಲೇ ಶುರು ಮಾಡೋಣ ಸರ್."

ಸಭೆ ಹೇಗೋ ಮುಗಿಯಿತು. ಭಾವಮೈದ ಹೂಗುಚ್ಛವನ್ನು ಕೊನೆಗೆ ಯಾರಿಗೂ ಕೊಡದೆ ಮನೆಗೆ ಒಯ್ದ. ಬೀದಿ ತಿಂಗಳುಗಟ್ಟಲೆ ನಕ್ಕಿತು. ಔಷಧಿಯವನು ಮುಲಾಮಿನ ಹಾಸ್ಯವನ್ನು ಮತ್ತೆ ಚಾಲ್ತಿಗೆ ತಂದ. ಡ್ರೈವರುಗಳು ಅಂಗಡಿಯ ಮುಂದೆ ಹಾಯುವಾಗ, "ಕಾಲು ಒದ್ದೆ ಮಾಡ್ಕೋಬೇಡಿ ಸ್ವಾಮೀ," ಎಂದು ಕೂಗಿಕೊಂಡು ಹೋಗುತ್ತಿದ್ದರು. ಚಾಳೀಸಪ್ಪನವರು ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. ಮೂಲವನ್ನೂ ಬಿಟ್ಟರು, ಅನುವಾದಕ್ಕೂ ಹೋಗಲಿಲ್ಲ. ಮೊದಲ ವರ್ಷಕ್ಕೇ ಮತ್ತೆ ಸೇರಿ, ಹಿಂದಿನ ಬೆಂಚು ಹಿಡಿದರು. ದಾರ ಎಳೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಹಿಡಿದ ಮೇಲೆ ಬೆಂಚಿಗೆ ಕೇಳುವಂತೆ ಏನೂ ಹೇಳದೆ, ಹತ್ತಿರ ಹೋಗಿ ಕಿವಿಯಲ್ಲಿ, "ನನಗೂ ಹೀಗೇ ಆಗಿತ್ತು, ನಾಳೆ ಬನ್ನಿ," ಎನ್ನುತ್ತಿದ್ದರು.

ಒಂದು ಸಂಜೆ ಮಗಳು ದುಂಡು ಮೇಜಿನಿಂದ ನೇರವಾಗಿ ಅಂಗಡಿಗೆ ಬಂದಳು. ಕಣ್ಣು ಹೊಳೆಯುತ್ತಿತ್ತು.

"ಅಪ್ಪ, ಆ ಸಾಲು ಅರ್ಧ ಬಿಡಿಸಿದ್ವಿ. ಪ್ರೊಫೆಸರಿಗೆ ನಂಬೋಕೇ ಆಗಲಿಲ್ಲ. ಅಲ್ಲಿ ತಾಯಿ ಇಲ್ಲ. ತಂದೆ ಇದ್ದಾನೆ."

"ತಂದೆಯಾ? ಏನು ಮಾಡ್ತಾನೆ?"

"ಏನೂ ಮಾಡಲ್ಲ. ಬಾಗಿಲ ಹತ್ರ ಬಂದು ನಿಂತಿರ್ತಾನೆ. ಏನೋ ಹೇಳಬೇಕು ಅಂದ್ಕೊಂಡಿದಾನೆ, ನಾಚಿಕೆ ಆಗಿ ಹೇಳಲ್ಲ. ಮಲಗಿದವನಿಗೆ ಅದು ಗೊತ್ತು."

ಚಾಳೀಸಪ್ಪನವರು ಕೈಯಲ್ಲಿದ್ದ ಕನ್ನಡಕವನ್ನು ಒರೆಸಿದರು. ಅದಾಗಲೇ ಶುಭ್ರವಾಗಿತ್ತು, ಮತ್ತೂ ಒರೆಸಿದರು. ಆಮೇಲೆ ಅನುಮಾನದಿಂದ ಕೇಳಿದರು. "ಇದು ನಿಜವಾಗಿ ಅಲ್ಲಿದೆಯೋ, ನೀನು ತಂದು ನಿಲ್ಲಿಸಿದ್ದೋ?"

ಮಗಳು ಚೀಲದಿಂದ ದೊಡ್ಡ ಹಾಳೆಯೊಂದನ್ನು ತೆಗೆದು, ಸ್ಟೂಲು ಹತ್ತಿ, ಗೋಡೆಯ ಹಲಗೆಯ ಮೇಲೆ ಅಂಟಿಸಿದಳು. ಅಚ್ಚುಕೂಟದಲ್ಲಿ ಅವಳೇ ಅಚ್ಚು ಹಾಕಿಸಿದ್ದ ಪ್ರಾಚೀನ ಭಾಷೆಯ ವರ್ಣಮಾಲೆ. ಮೇಲಿನದು ಕುಂಬಳಕಾಯಿಯಷ್ಟು, ಕೆಳಗಿನದು ಸಾಸಿವೆಯಷ್ಟು. ಆಮೇಲೆ ಅಪ್ಪನನ್ನು ಗಿರಾಕಿಗಳ ಬೆಂಚಿನ ಮೇಲೆ ಕೂರಿಸಿ, ಕೋಲು ಹಿಡಿದು ಮೂರನೆಯ ಅಕ್ಷರಕ್ಕೆ ಮುಟ್ಟಿಸಿದಳು.

"ನೀವೇ ಓದಿ ತಿಳ್ಕೊಳ್ಳಿ. ಇದು ಯಾವುದು, ಹೇಳಿ."

ಬೆಂಚಿನ ಮೇಲೆ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಬಾಗಿಲಲ್ಲಿ ಔಷಧಿಯವನೂ ಬಂದು ನಿಂತಿದ್ದ. ಚಾಳೀಸಪ್ಪನವರು ಅಕ್ಷರವನ್ನು ನೋಡಿದರು. ಹಣೆ ಉಜ್ಜಿಕೊಳ್ಳಲು ಕೈ ತಾನಾಗಿಯೇ ಮೇಲೆದ್ದಿತು. ಅದನ್ನು ಹಾಗೇ ಕೆಳಗಿಳಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು.

"ಕಾಣ್ತಿದೆ ಪುಟ್ಟಿ. ಗೊತ್ತಾಗ್ತಿಲ್ಲ."